ಕೌಲ್ ಅಳತೆ ತಪ್ಪಿದಾಗ: ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಕೊರಳ ಸುತ್ತ ಧರಿಸುವ, ತುದಿಗಳಿಲ್ಲದ ಹೆಣಿಗೆಯ ಪಟ್ಟಿಯೇ ಕೌಲ್. ಇದಕ್ಕೆ ತೋಳಿಲ್ಲ, ಹೆಗಲಿಲ್ಲ, ಕತ್ತಿನ ಇಳುಕಲೂ ಇಲ್ಲ. ಹಾಗಾಗಿ ಅಳತೆ ತಪ್ಪುವ ಪ್ರಶ್ನೆಯೇ ಬರುವುದಿಲ್ಲವೆಂದು ಹೊಸದಾಗಿ ಕಡ್ಡಿ ಹಿಡಿದವರು ಎಣಿಸುತ್ತಾರೆ. ಆದರೆ ಇಡೀ ಉಡುಪು ಒಂದೇ ಸುತ್ತಳತೆಯ ಮೇಲೆ ನಿಂತಿರುವುದರಿಂದ, ಆ ಅಳತೆ ತಪ್ಪಿದರೆ ತಪ್ಪನ್ನು ಮರೆಸಲು ಬೇರೆ ಭಾಗವೇ ಇರುವುದಿಲ್ಲ. ಆಗ ಹೆಚ್ಚಿನವರು ಎಲ್ಲವನ್ನೂ ಬಿಚ್ಚಿ, ಅಂದಾಜಿನ ಮೇಲೆ ಹತ್ತಿಪ್ಪತ್ತು ಹೊಲಿಗೆಗಳನ್ನು ಕೂಡಿಸಿಯೋ ಕಳೆದೋ ಮತ್ತೆ ಆರಂಭಿಸುತ್ತಾರೆ. ದೋಷವಿದ್ದದ್ದು ಹೊಲಿಗೆಗಳ ಸಂಖ್ಯೆಯಲ್ಲಿ ಅಲ್ಲವಾದರೆ ಎರಡನೆಯ ಕೌಲ್ ಕೂಡ ಮೊದಲಿನದರಂತೆಯೇ ಕೆಡುತ್ತದೆ. ಆದ್ದರಿಂದ ಟೇಪು ಮುಟ್ಟುವ ಮೊದಲು ನೂಲು ಬಿಚ್ಚಬಾರದೆಂಬುದೇ ಈ ಕೈಪಿಡಿಯ ಮೊದಲ ನಿಯಮ.

ಯಾವ ಲಕ್ಷಣವೇ ಇರಲಿ, ಮೊದಲು ಮೂರು ಅಳತೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಧರಿಸುವವರ ತಲೆಯ ಸುತ್ತಳತೆಯನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯ್ದು ಬರುವಂತೆ ಟೇಪು ಸುತ್ತಿ ತೆಗೆದುಕೊಳ್ಳಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 54ರಿಂದ 59 ಸೆಂ.ಮೀ. ಇರುತ್ತದೆ. ಎರಡನೆಯದಾಗಿ, ಕೌಲ್ ಅನ್ನು ಮೇಜಿನ ಮೇಲೆ ಎಳೆಯದೆ ಚಪ್ಪಟೆಯಾಗಿ ಹರಡಿ, ನಡುಭಾಗದ ಅಗಲವನ್ನು ಅಳೆದು ಎರಡರಿಂದ ಗುಣಿಸಬೇಕು. ಮೂರನೆಯದಾಗಿ, ಅದೇ ಜಾಗದಲ್ಲಿ 10 ಸೆಂ.ಮೀ.ಗೆ ಎಷ್ಟು ಹೊಲಿಗೆಗಳು ಬಂದಿವೆಯೆಂದು ಎಣಿಸಬೇಕು. ಎಣಿಸುವಾಗ ಅರ್ಧ ಹೊಲಿಗೆಯನ್ನೂ ಬಿಡಬಾರದು, ಏಕೆಂದರೆ 10 ಸೆಂ.ಮೀ.ನಲ್ಲಿ ಅರ್ಧವೆಂದು ಕಡೆಗಣಿಸಿದ್ದು ಇಡೀ ಸುತ್ತಿನಲ್ಲಿ ಮೂರು ಹೊಲಿಗೆಗಳಷ್ಟಾಗುತ್ತದೆ.

ತಲೆಯಿಂದ ಇಳಿಯುವುದಿಲ್ಲ, ಅಥವಾ ಕಿವಿಯ ಬಳಿ ಹಿಡಿದುಕೊಳ್ಳುತ್ತದೆ

ಅತಿ ಹೆಚ್ಚು ಕಾಣುವ ದೂರು ಇದು. ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಕೌಲ್ ಚಿಕ್ಕದಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅನೇಕ ವೇಳೆ ಚಿಕ್ಕದಾಗಿರುವುದು ಅದರ ಅಂಚು ಮಾತ್ರ.

ಪರೀಕ್ಷೆ ಸುಲಭ, ಖರ್ಚಿಲ್ಲ. ಎರಡು ಕೈಗಳ ಹೆಬ್ಬೆರಳುಗಳನ್ನು ಕೌಲ್‌ನ ನಡುಭಾಗದ ಒಳಗಿಟ್ಟು ಅಡ್ಡಕ್ಕೆ ಹಿಗ್ಗಿಸಿ, ಆರಾಮವಾಗಿ ಎಷ್ಟು ಹಿಗ್ಗುತ್ತದೆಯೆಂದು ಅಳೆಯಿರಿ. ಬಳಿಕ ಹೆಣಿಗೆ ಆರಂಭಿಸಿದ ಕ್ಯಾಸ್ಟ್ ಆನ್ ಅಂಚನ್ನೂ, ಹೆಣಿಗೆ ಮುಗಿಸಿದ ಬೈಂಡ್ ಆಫ್ ಅಂಚನ್ನೂ ಹಾಗೆಯೇ ಹಿಗ್ಗಿಸಿ ನೋಡಿರಿ. ನಡುಭಾಗ 70 ಸೆಂ.ಮೀ. ಸುತ್ತಳತೆಗೆ ಸಲೀಸಾಗಿ ಬಂದು, ಅಂಚು 55ಕ್ಕೇ ನಿಂತು, ಬೆರಳಿಗೆ ಒಂದು ಗಟ್ಟಿ ಹುರಿ ಒತ್ತಿದಂತಾದರೆ ಹೊಲಿಗೆಗಳ ಸಂಖ್ಯೆ ಸರಿಯಿದೆ, ಅಂಚು ಬಿಗಿಯಾಗಿದೆ ಎಂದರ್ಥ. ಕಣ್ಣಿಗೆ ಕಾಣುವ ಗುರುತೂ ಒಂದಿದೆ: ಅಂಚಿನ ಬಳಿ ಬಟ್ಟೆ ಒಳಕ್ಕೆ ಜಗ್ಗಿಕೊಂಡು, ಅದರ ಪಕ್ಕದ ಒಂದೆರಡು ಸುತ್ತುಗಳಲ್ಲಿ ಸಣ್ಣ ನೆರಿಗೆಗಳು ಎದ್ದಿರುತ್ತವೆ. ಮೂರು ಕಡೆಯೂ ಒಂದೇ ಅಳತೆಗೆ ನಿಂತರೆ ಮಾತ್ರ ದೋಷ ಹೊಲಿಗೆಗಳ ಸಂಖ್ಯೆಯಲ್ಲಿ ಅಥವಾ ಗೇಜ್‌ನಲ್ಲಿ, ಅಂದರೆ 10 ಸೆಂ.ಮೀ.ಗೆ ಬರುವ ಹೊಲಿಗೆಗಳ ಲೆಕ್ಕದಲ್ಲಿದೆ. ಆಗ ಮುಂದಿನ ಭಾಗಕ್ಕೆ ಹೋಗಬಹುದು.

ಬಿಗಿಯಾಗಿರುವುದು ಬೈಂಡ್ ಆಫ್ ಅಂಚಾದರೆ ಅದೃಷ್ಟವೆಂದೇ ಹೇಳಬೇಕು. ಕೊನೆಯ ತುದಿಯನ್ನು ಬಿಡಿಸಿ, ಆ ಒಂದು ಸುತ್ತನ್ನಷ್ಟೇ ಹಿಂದಕ್ಕೆ ಬಿಚ್ಚಿ, ಹೊಲಿಗೆಗಳನ್ನು ಕಡ್ಡಿಗೆ ಏರಿಸಿಕೊಂಡು, ಎರಡು ಅಳತೆ ಹೆಚ್ಚು ದಪ್ಪದ ಕಡ್ಡಿಯಿಂದ ಮತ್ತೆ ಮುಗಿಸಬೇಕು. ಎರಡು ಹೊಲಿಗೆಗಳನ್ನು ಹಿಂಭಾಗದ ಕಾಲಿನಿಂದ (ಕುಣಿಕೆಯ ಹಿಂದಿನ ಎಳೆಯಿಂದ) ಒಟ್ಟಿಗೆ ಹೆಣೆದು, ಬಂದ ಒಂದು ಹೊಲಿಗೆಯನ್ನು ಎಡಗಡ್ಡಿಗೆ ಮರಳಿಸಿ, ಮತ್ತೆ ಎರಡನ್ನು ಒಟ್ಟಿಗೆ ಹೆಣೆಯುತ್ತಾ ಹೋಗುವ ವಿಧಾನ ಸಾಮಾನ್ಯ ಬೈಂಡ್ ಆಫ್‌ಗಿಂತ ಚೆನ್ನಾಗಿ ಹಿಗ್ಗುತ್ತದೆ. ನೂಲನ್ನು ಕತ್ತರಿಸುವ ಮೊದಲೇ ತಲೆಯ ಮೇಲಿಂದ ಒಮ್ಮೆ ಇಳಿಸಿ ನೋಡಬೇಕು.

ಕ್ಯಾಸ್ಟ್ ಆನ್ ಅಂಚಿನ ಕಥೆ ಬೇರೆ. ಹೆಣಿಗೆ ಆರಂಭವಾದ ಕಡೆಯಿಂದ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದಿಲ್ಲ, ಹೊಲಿಗೆ ಹೊಲಿಗೆಗೂ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಇಡೀ ಕೌಲ್ ಅನ್ನು ಬಿಚ್ಚಬೇಕಾಗಿಲ್ಲ. ಅಂಚಿನಿಂದ ಮೂರನೆಯ ಸುತ್ತಿನಲ್ಲಿ ಪ್ರತಿ ಹೊಲಿಗೆಯ ಬಲಗಾಲನ್ನು ತೆಳುವಾದ ಸರ್ಕ್ಯುಲರ್ ಕಡ್ಡಿಯಿಂದ (ಬಾಗುವ ತಂತಿಯಿಂದ ಜೋಡಿಸಿದ ಎರಡು ತುದಿಗಳ ಕಡ್ಡಿ) ಎತ್ತಿಕೊಳ್ಳುತ್ತಾ ಪೂರ್ತಿ ಸುತ್ತಿ ಬನ್ನಿರಿ. ಎತ್ತಿದ ಹೊಲಿಗೆಗಳ ಸಂಖ್ಯೆ ಮೂಲ ಸಂಖ್ಯೆಗೆ ಸರಿಹೊಂದುವವರೆಗೆ ಕತ್ತರಿ ಹಿಡಿಯಬಾರದು. ಒಂದು ಹೊಲಿಗೆ ತಪ್ಪಿದ್ದರೂ ಅದು ಹೊಸ ಅಂಚಿನಲ್ಲಿ ಸಡಿಲ ಕುಣಿಕೆಯಾಗಿ ಉಳಿಯುತ್ತದೆ. ಸಂಖ್ಯೆ ಸರಿಯಿದ್ದರೆ, ಕಡ್ಡಿಗಿಂತ ಅಂಚಿನ ಕಡೆಗಿರುವ ಸುತ್ತಿನಲ್ಲಿ ಒಂದೇ ಒಂದು ಹೊಲಿಗೆಯನ್ನು ಕತ್ತರಿಸಿ, ಆ ಸುತ್ತಿನ ನೂಲನ್ನು ಮೊಂಡು ಸೂಜಿಯಿಂದ ಒಂದೊಂದೇ ಹೊಲಿಗೆಯಾಗಿ ಬಿಡಿಸುತ್ತಾ ಹೋದರೆ ಬಿಗಿಯಾದ ಅಂಚು ತುಂಡಾಗಿ ಕೈಗೆ ಬರುತ್ತದೆ. ಆಮೇಲೆ ಕಡ್ಡಿಯ ಮೇಲಿರುವ ಹೊಲಿಗೆಗಳನ್ನು ಹೊಸ ನೂಲಿನಿಂದ ಸಡಿಲವಾಗಿ ಬೈಂಡ್ ಆಫ್ ಮಾಡಿದರೆ ಸಾಕು. ಅಲ್ಲಿಂದ ಕೆಳಮುಖವಾಗಿ ಮತ್ತೆ ಉಬ್ಬುತಗ್ಗು ಗೆರೆಗಳ ರಿಬ್ ಹೆಣೆಯುವ ಆಸೆಯಿದ್ದರೆ ಒಂದು ಎಚ್ಚರಿಕೆ: ದಿಕ್ಕು ಬದಲಾದಾಗ ಹೊಲಿಗೆಗಳು ಅರ್ಧ ಹೊಲಿಗೆಯಷ್ಟು ಪಕ್ಕಕ್ಕೆ ಸರಿಯುತ್ತವೆ, ಸಾದಾ ಹೆಣಿಗೆಯಲ್ಲಿ ಅದು ಗೊತ್ತಾಗುವುದಿಲ್ಲ, ರಿಬ್‌ನ ಗೆರೆಗಳಲ್ಲಿ ಎದ್ದು ಕಾಣುತ್ತದೆ.

ಮುಂದಿನ ಬಾರಿ ಅಂಚು ಬಿಗಿಯಾಗದಿರಲು ದಪ್ಪ ಕಡ್ಡಿಯ ಮೇಲೆ ಕ್ಯಾಸ್ಟ್ ಆನ್ ಮಾಡಬೇಕೆಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಅರ್ಧ ಮಾತ್ರ ಸರಿ. ದಪ್ಪ ಕಡ್ಡಿಯಿಂದ ಕುಣಿಕೆಗಳು ದೊಡ್ಡದಾಗುತ್ತವೆ, ಆದರೆ ಅಂಚಿನ ಹಿಗ್ಗುವಿಕೆಯನ್ನು ನಿರ್ಧರಿಸುವುದು ಒಂದು ಕುಣಿಕೆಗೂ ಇನ್ನೊಂದಕ್ಕೂ ನಡುವೆ ಉಳಿದ ನೂಲು. ಹೊಸ ಹೊಲಿಗೆಯನ್ನು ಹಿಂದಿನದಕ್ಕೆ ಒತ್ತಿ ಕೂರಿಸದೆ, ನಡುವೆ ಕಿರುಬೆರಳಿನ ಉಗುರಿನ ಅರ್ಧದಷ್ಟು ಜಾಗ ಬಿಟ್ಟು ಹಾಕುವುದು ಹೆಚ್ಚು ಫಲ ಕೊಡುತ್ತದೆ.

ಮಾದರಿಯಲ್ಲಿ ಹೇಳಿದಷ್ಟೇ ಹೊಲಿಗೆ ಹಾಕಿದ್ದರೂ ಅಳತೆ ಬೇರೆಯಾಗಿದೆ

ಇದು ಗೇಜ್ ತಪ್ಪಿದ ಲಕ್ಷಣ. ಲೆಕ್ಕ ಸರಳವಾಗಿದೆ: ಒಟ್ಟು ಹೊಲಿಗೆಗಳನ್ನು 10 ಸೆಂ.ಮೀ.ಗೆ ಬರುವ ಹೊಲಿಗೆಗಳಿಂದ ಭಾಗಿಸಿ 10ರಿಂದ ಗುಣಿಸಿದರೆ ಸುತ್ತಳತೆ ಸಿಗುತ್ತದೆ. 120 ಹೊಲಿಗೆಗಳಿಗೆ ಗೇಜ್ 20 ಇದ್ದರೆ 60 ಸೆಂ.ಮೀ., 18 ಇದ್ದರೆ ಸುಮಾರು 67, 22 ಇದ್ದರೆ ಸುಮಾರು 54.5. ಎರಡೇ ಹೊಲಿಗೆಗಳ ವ್ಯತ್ಯಾಸದಿಂದ ಒಂದೇ ಸಂಖ್ಯೆ ಒಬ್ಬರಿಗೆ ಸಡಿಲ ಕೌಲ್ ಆಗಿ, ಇನ್ನೊಬ್ಬರಿಗೆ ಕಿವಿ ಹಿಂಡುವ ಪಟ್ಟಿಯಾಗಿ ಬರುವುದು ಹೀಗೆ.

ಗೇಜ್ ಏಕೆ ತಪ್ಪಿತು ಎಂಬುದನ್ನು ಹುಡುಕುವಾಗ ಮೊದಲು ಕಡ್ಡಿಯ ಮೇಲಿನ ಸಂಖ್ಯೆಯನ್ನು ಅನುಮಾನಿಸಬೇಕು. ಅಮೆರಿಕದ 8ನೇ ನಂಬರಿನ ಕಡ್ಡಿ 5 ಮಿ.ಮೀ. ದಪ್ಪವಿರುತ್ತದೆ, ಬ್ರಿಟನ್ನಿನ ಹಳೆಯ ಕ್ರಮದಲ್ಲಿ 8ನೇ ನಂಬರು 4 ಮಿ.ಮೀ. ಮಾತ್ರ. ಅಲ್ಲದೆ ಅಮೆರಿಕದ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾದರೆ, ಬ್ರಿಟನ್ನಿನದರಲ್ಲಿ ತೆಳ್ಳಗಾಗುತ್ತದೆ. ಮಾದರಿಯಲ್ಲಿ ಮಿ.ಮೀ. ಅಳತೆ ಇದ್ದರೆ ಅದನ್ನೇ ನಂಬಬೇಕು. ಕಡ್ಡಿಯ ಮೇಲಿನ ಅಚ್ಚು ಅಳಿಸಿದ್ದರೆ ತೂತುಗಳಿರುವ ಕಡ್ಡಿ ಮಾಪಕದಲ್ಲಿ ತೂರಿಸಿ ನೋಡಬೇಕು. ನೂಲಿನ ಚೀಟಿಯನ್ನೂ ಓದಬೇಕು. ವರ್ಸ್ಟೆಡ್ ಎಂಬ ಮಧ್ಯಮ ದಪ್ಪದ ನೂಲಿಗೆ 10 ಸೆಂ.ಮೀ.ನಲ್ಲಿ 16ರಿಂದ 20 ಹೊಲಿಗೆಗಳೂ, ಅದಕ್ಕಿಂತ ತೆಳುವಾದ ಡಿಕೆ ದಪ್ಪಕ್ಕೆ 21ರಿಂದ 24 ಹೊಲಿಗೆಗಳೂ ಸಾಮಾನ್ಯ. ಒಂದರ ಬದಲು ಇನ್ನೊಂದನ್ನು ಬಳಸಿದ್ದರೆ ಕಾರಣಕ್ಕಾಗಿ ಮತ್ತೆ ಹುಡುಕಬೇಕಿಲ್ಲ.

ಇವೆರಡೂ ಸರಿಯಿದ್ದರೆ, ಗೇಜ್ ಅಳೆಯಲು ಮೊದಲು ಹೆಣೆದ ಮಾದರಿ ತುಂಡಿನ ಮೇಲೆಯೇ ಸಂದೇಹ ಪಡಬೇಕಾಗುತ್ತದೆ. ಕೌಲ್ ಅನ್ನು ಸುತ್ತಿನಲ್ಲಿ ಹೆಣೆಯುವವರು ಮಾದರಿ ತುಂಡನ್ನು ಮಾತ್ರ ಹಿಂದುಮುಂದಾಗಿ ಸಾಲುಗಳಲ್ಲಿ ಹೆಣೆಯುತ್ತಾರೆ. ಸಾಲಿನಲ್ಲಿ ಹೆಣೆದಾಗ ಒಂದು ಸಾಲು ನಿಟ್ (ಮುಂಭಾಗದಲ್ಲಿ ನುಣುಪಾಗಿ ಕಾಣುವ ಹೊಲಿಗೆ), ಒಂದು ಸಾಲು ಪರ್ಲ್ (ಅದರ ಹಿಮ್ಮುಖ) ಬರುತ್ತದೆ; ಸುತ್ತಿನಲ್ಲಿ ಎಲ್ಲವೂ ನಿಟ್ ಆಗಿರುತ್ತದೆ. ಅನೇಕರ ಕೈಯಲ್ಲಿ ಪರ್ಲ್ ಹೊಲಿಗೆ ನಿಟ್‌ಗಿಂತ ಸಡಿಲವಾಗಿರುವುದರಿಂದ, ತುಂಡಿನಲ್ಲಿ ಬಂದ ಅಳತೆ ಕೌಲ್‌ನಲ್ಲಿ ಬರುವುದಿಲ್ಲ. ತುಂಡು 15 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಅಂಚಿನ ಹೊಲಿಗೆಗಳ ಎಳೆತವೂ ಅಳತೆಗೆ ಸೇರಿಕೊಳ್ಳುತ್ತದೆ. ತುಂಡನ್ನು ಬಿದಿರಿನ ಕಡ್ಡಿಯಲ್ಲಿ ಹೆಣೆದು ಕೌಲ್ ಅನ್ನು ಲೋಹದ ಕಡ್ಡಿಯಲ್ಲಿ ಹೆಣೆದರೂ ವ್ಯತ್ಯಾಸ ಬರಬಹುದು, ಏಕೆಂದರೆ ಬಿದಿರು ನೂಲನ್ನು ಹಿಡಿದಿಡುತ್ತದೆ, ಲೋಹ ಜಾರಿಸುತ್ತದೆ.

ಬಟ್ಟೆ ಬಿಗಿಯಾಗಿ, ಹಿಗ್ಗದೆ, ಗಡಸಾಗಿ ಕಂಡರೆ ಹೊಲಿಗೆಗಳ ಬುಡವನ್ನು ಬೆಳಕಿನಲ್ಲಿ ನೋಡಬೇಕು. ಸರಿಯಾದ ನಿಟ್ ಹೊಲಿಗೆಯ ಎರಡು ಕಾಲುಗಳು ಬುಡದಲ್ಲಿ ಬಿಡಿಬಿಡಿಯಾಗಿರುತ್ತವೆ. ಅವು ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಹೊಲಿಗೆ ತಿರುಚಿದೆ ಎಂದು ತಿಳಿಯಬೇಕು. ಕುಣಿಕೆಯ ಹಿಂಭಾಗದಿಂದ ಕಡ್ಡಿ ತೂರಿಸುವ ಅಥವಾ ನೂಲನ್ನು ವಿರುದ್ಧ ದಿಕ್ಕಿಗೆ ಸುತ್ತುವ ಅಭ್ಯಾಸದಿಂದ ಹೀಗಾಗುತ್ತದೆ. ತಿರುಚಿದ ಹೊಲಿಗೆಗಳ ಬಟ್ಟೆ ಕಡಿಮೆ ಹಿಗ್ಗುತ್ತದೆ, ಸುತ್ತಿನಲ್ಲಿ ಒಂದು ಬದಿಗೆ ವಾಲುವುದೂ ಉಂಟು. ಕಡ್ಡಿ ಬದಲಿಸುವುದರಿಂದ ಇದು ಸರಿಹೋಗುವುದಿಲ್ಲ, ಕೈಯ ಅಭ್ಯಾಸವನ್ನೇ ತಿದ್ದಿಕೊಳ್ಳಬೇಕು.

ಹೊಲಿಗೆಯ ವಿನ್ಯಾಸ ಬದಲಿಸಿಕೊಂಡವರು ಗಮನಿಸಬೇಕಾದದ್ದು ಇನ್ನೊಂದಿದೆ. ಸಾದಾ ಹೆಣಿಗೆಗೆ ಹಾಕಿದ ಲೆಕ್ಕ ಎರಡು ನಿಟ್ ಎರಡು ಪರ್ಲ್ ರಿಬ್‌ಗೆ ಹೊಂದುವುದಿಲ್ಲ. ರಿಬ್ ಒಳಕ್ಕೆ ಸೆಳೆದುಕೊಳ್ಳುತ್ತದೆ, ಜಡೆಯಂತೆ ಕಾಣುವ ಕೇಬಲ್ ಹೆಣಿಗೆಯೂ ಹಾಗೆಯೇ. ಬ್ರಿಯೋಶ್ ಎಂಬ ಉಬ್ಬಿದ ಹೆಣಿಗೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಯಾವ ವಿನ್ಯಾಸದಲ್ಲಿ ಕೌಲ್ ಹೆಣೆಯುವಿರೋ ಅದೇ ವಿನ್ಯಾಸದಲ್ಲಿ ಮಾದರಿ ತುಂಡನ್ನು ಹೆಣೆದು, ನೆನೆಸಿ, ಒಣಗಿಸಿ ಅಳೆದರೆ ಮಾತ್ರ ಲೆಕ್ಕ ನಿಲ್ಲುತ್ತದೆ.

ಕೊರಳಿಗೆ ಅಂಟಿಕೊಳ್ಳದೆ ಎದೆಯ ಮೇಲೆ ಜೋತು ಬೀಳುತ್ತದೆ, ಗಾಳಿ ಒಳನುಗ್ಗುತ್ತದೆ

ಸುತ್ತಳತೆ 80ರಿಂದ 100 ಸೆಂ.ಮೀ. ನಡುವೆ ಇದ್ದರೆ ಬೇರೆ ಕಾರಣ ಹುಡುಕುವ ಅಗತ್ಯ ಕಡಿಮೆ. ಈ ಅಳತೆ ಒಂದು ಸುತ್ತಿಗೆ ದೊಡ್ಡದು, ಎರಡು ಸುತ್ತಿಗೆ ಚಿಕ್ಕದು. ಬೆಚ್ಚಗಿರಬೇಕಾದ ಒಂದು ಸುತ್ತಿನ ಕೌಲ್‌ಗೆ 56ರಿಂದ 66 ಸೆಂ.ಮೀ., ಎರಡು ಸುತ್ತು ಹಾಕಿಕೊಳ್ಳುವುದಕ್ಕೆ 120ರಿಂದ 150 ಸೆಂ.ಮೀ. ಸಾಕು. ನಡುವಣ ಅಳತೆಯ ಕೌಲ್ ಅಲಂಕಾರಕ್ಕೆ ಚೆಂದ, ಚಳಿಗೆ ಪ್ರಯೋಜನ ಕಡಿಮೆ.

ಸುತ್ತಳತೆ ಸರಿಯಿದ್ದೂ ಜೋತು ಬೀಳುತ್ತಿದ್ದರೆ ನೂಲಿನ ಗುಣ ನೋಡಬೇಕು. ಕುರಿಯ ಉಣ್ಣೆ ಎಳೆದು ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. ಅಲ್ಪಾಕಾ, ರೇಷ್ಮೆ, ಹತ್ತಿ ಮತ್ತು ಬಿದಿರಿನ ನೂಲುಗಳಿಗೆ ಆ ಗುಣ ಕಡಿಮೆಯಿದ್ದು, ತಮ್ಮ ತೂಕಕ್ಕೆ ತಾವೇ ಇಳಿಬೀಳುತ್ತವೆ. ನೆನೆಸಿದ ಮೇಲೆ ದೊಡ್ಡದಾದದ್ದಾದರೆ ಸೂಪರ್‌ವಾಷ್ ಉಣ್ಣೆಯಿರಬಹುದು, ಅಂದರೆ ಯಂತ್ರದಲ್ಲಿ ಒಗೆಯಲು ಬರುವಂತೆ ಸಂಸ್ಕರಿಸಿದ ಉಣ್ಣೆ. ಅದು ಒದ್ದೆಯಾದಾಗ ಸಾಮಾನ್ಯ ಉಣ್ಣೆಗಿಂತ ಹೆಚ್ಚು ಹಿಗ್ಗುತ್ತದೆ. ಚೀಟಿಯಲ್ಲಿ ಅನುಮತಿ ಇದ್ದರೆ ಒಣಗಿಸುವ ಯಂತ್ರದಲ್ಲಿ ಸ್ವಲ್ಪ ಹೊತ್ತು ಹಾಕಿದಾಗ ಅನೇಕ ಸಲ ಮರಳಿ ಕುಗ್ಗುತ್ತದೆ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡುವ ತಾಳ್ಮೆ ಇಲ್ಲದವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಬಿಚ್ಚದೆ ಸರಿಪಡಿಸುವ ದಾರಿಗಳೂ ಇವೆ. ಮೇಲಂಚಿನ ಒಳಭಾಗದಲ್ಲಿ ತೆಳುವಾದ ಎಲಾಸ್ಟಿಕ್ ದಾರವನ್ನು ಎರಡು ಸುತ್ತು ಪೋಣಿಸಬಹುದು. ಹೆಚ್ಚಿನ ಅಗಲವನ್ನು ಒಂದು ಬದಿಯಲ್ಲಿ ಮಡಿಸಿ ಎರಡು ದೊಡ್ಡ ಗುಂಡಿಗಳಿಂದ ಹಿಡಿಸಿದರೆ, ಮೊದಲೇ ಹಾಗೆ ಯೋಚಿಸಿ ಹೆಣೆದಂತೆ ಕಾಣುತ್ತದೆ.

ಇದಕ್ಕೆ ವಿರುದ್ಧವಾಗಿ ಕೌಲ್ ಗದ್ದಕ್ಕೆ ಒತ್ತಿ ಕೊಳವೆಯಂತೆ ಸೆಟೆದು ನಿಂತರೆ ದೋಷ ಸುತ್ತಳತೆಯದಲ್ಲ, ಎತ್ತರದ್ದು. ದಪ್ಪ ನೂಲಿಗೆ 20ರಿಂದ 25 ಸೆಂ.ಮೀ. ಎತ್ತರ ಸಾಕು. ಬೈಂಡ್ ಆಫ್ ಕಡೆಯಿಂದ ಕೆಲವು ಸುತ್ತು ಬಿಚ್ಚಿದರೆ ಕೆಲಸ ಮುಗಿಯಿತು.

ಅಂಚು ಸುರುಳಿ ಸುತ್ತಿ ಎತ್ತರ ಕಡಿಮೆಯಾದಂತೆ ಕಾಣುತ್ತದೆ

ಸಾದಾ ಹೆಣಿಗೆಯ ಮೇಲಂಚೂ ಕೆಳಂಚೂ ನಿಟ್ ಮುಖದ ಕಡೆಗೆ ಸುರುಳಿಯಾಗುವುದು ಆ ಹೆಣಿಗೆಯ ಸ್ವಭಾವ, ದೋಷವಲ್ಲ. ನೆನೆಸಿ ಹರವಿ ಒಣಗಿಸಿದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಒಂದೆರಡು ದಿನ ಸರಿಹೋದಂತೆ ಕಂಡು ಮತ್ತೆ ಸುರುಳುತ್ತದೆ. ಮೂರರಿಂದ ನಾಲ್ಕು ಸೆಂ.ಮೀ. ರಿಬ್, ಗಾರ್ಟರ್ ಅಥವಾ ಸೀಡ್‌ನಂಥ ಸುರುಳಿಯಾಗದ ಹೆಣಿಗೆಯ ಪಟ್ಟಿ ಎರಡೂ ಅಂಚುಗಳಿಗೆ ಬೇಕು.

ಕೌಲ್ ಪಟ್ಟಿ ತಿರುಚಿಕೊಂಡಿದೆ, ಚಪ್ಪಟೆಯಾಗಿ ಕೂರುವುದಿಲ್ಲ

ಸುತ್ತಾಗಿ ಜೋಡಿಸುವಾಗ ಕ್ಯಾಸ್ಟ್ ಆನ್ ಅಂಚು ಕಡ್ಡಿಯ ಸುತ್ತ ಹೊರಳಿತ್ತು ಎಂದರ್ಥ. ಮೊದಲ ಸುತ್ತಿನ ಕೊನೆಯಲ್ಲೇ ಕಣ್ಣಿಗೆ ಬಿದ್ದರೆ ಉಪಾಯವಿದೆ: ಮೊದಲ ಮತ್ತು ಕೊನೆಯ ಹೊಲಿಗೆಗಳ ನಡುವೆ ಆಗ ಇರುವುದು ಒಂದೇ ಎಳೆ ನೂಲು, ಆ ಜಾಗದಲ್ಲಿ ಅಂಚನ್ನು ಹೊರಳಿಸಿ ನೇರ ಮಾಡಿಕೊಂಡು ಮುಂದುವರಿಯಬಹುದು, ಎಳೆಯ ತಿರುವು ಯಾರಿಗೂ ಕಾಣದು. ಎರಡನೆಯ ಸುತ್ತು ಮುಗಿದ ಮೇಲೆ ಇದಕ್ಕೆ ಬಿಚ್ಚುವುದು ಅಥವಾ ಕತ್ತರಿಸುವುದಲ್ಲದೆ ಬೇರೆ ಪರಿಹಾರವಿಲ್ಲ. ತಿರುಚಿದ ಉದ್ದನೆಯ ಕೌಲ್ ಅನ್ನು ಹಾಗೆಯೇ ಧರಿಸಿದರೂ ಚೆನ್ನಾಗಿರುತ್ತದೆ. ಚಿಕ್ಕದು ಮಾತ್ರ ಕೊರಳಲ್ಲಿ ಗಂಟಿನಂತೆ ಒತ್ತುತ್ತದೆ. ಎರಡು ಸಾಲುಗಳನ್ನು ಹಿಂದುಮುಂದಾಗಿ ಹೆಣೆದು ಬಳಿಕ ಸುತ್ತಾಗಿ ಜೋಡಿಸಿ, ಉಳಿದ ಸಣ್ಣ ಸೀಳನ್ನು ಆರಂಭದ ತುದಿನೂಲಿನಿಂದ ಹೊಲಿದರೆ ಈ ತೊಂದರೆ ತಲೆದೋರುವುದು ಅಪರೂಪ.

ಸುತ್ತು ಜೋಡಿಸುವಾಗಲೇ ಹೊಲಿಗೆಗಳು ಕಡ್ಡಿಯುದ್ದಕ್ಕೂ ಎಟುಕದೆ ಎಳೆದುಕೊಂಡರೆ ಸರ್ಕ್ಯುಲರ್ ಕಡ್ಡಿ ಉದ್ದವಾಯಿತು. 60 ಸೆಂ.ಮೀ. ಕೌಲ್‌ಗೆ 40 ಸೆಂ.ಮೀ. ಉದ್ದದ ಕಡ್ಡಿ ಸರಿ. 80ರದ್ದು ಇದ್ದರೆ, ಹೆಚ್ಚಿನ ತಂತಿಯನ್ನು ಹೊಲಿಗೆಗಳ ನಡುವಿನಿಂದ ಹೊರಕ್ಕೆ ಎಳೆದಿಟ್ಟು ಹೆಣೆಯುವ ಮ್ಯಾಜಿಕ್ ಲೂಪ್ ವಿಧಾನ ಬಳಸಬೇಕು.

ಮೇಲೆ ಹೋದಂತೆ ಅಗಲ ಹೆಚ್ಚುತ್ತದೆ

ಹೊಲಿಗೆಗಳನ್ನು ಎಣಿಸಿರಿ. ಸಂಖ್ಯೆ ಹೆಚ್ಚಿದ್ದರೆ ಎಲ್ಲೋ ನೂಲು ಕಡ್ಡಿಯ ಮೇಲೆ ಹಾಯ್ದು ಹೊಸ ಕುಣಿಕೆಯಾಗಿದೆ, ಅಥವಾ ಒಂದು ಹೊಲಿಗೆಯ ಎಳೆಗಳು ಸೀಳಿ ಎರಡಾಗಿವೆ. ಮೊದಲನೆಯದರ ಬುಡದಲ್ಲಿ ಸಣ್ಣ ತೂತು ಕಾಣುತ್ತದೆ. ಸಂಖ್ಯೆ ಸರಿಯಿದ್ದೂ ಅಗಲವಾಗಿದ್ದರೆ ಕೈ ಸಡಿಲಗೊಂಡಿದೆ. ಆರಂಭದ ಬಿಗಿತ ದಿನ ಕಳೆದಂತೆ ಇಳಿಯುವುದು ಸಹಜ. ತುದಿಗಳನ್ನು ಬದಲಿಸಬಹುದಾದ ಕಡ್ಡಿಗಳಾದರೆ ಎರಡೂ ತುದಿಗಳು ಒಂದೇ ಅಳತೆಯವೇ ಎಂಬುದನ್ನೂ ಪರೀಕ್ಷಿಸಬೇಕು.

ಒಗೆದ ಮೇಲೆ ಕುಗ್ಗಿ ದಪ್ಪವಾಗಿದೆ

ಹೊಲಿಗೆಗಳ ರೂಪ ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿದ್ದರೆ, ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಬೇಕಾದ ಅಳತೆಗೆ ಹರವಿ ನೆರಳಿನಲ್ಲಿ ಒಣಗಿಸಬೇಕು. ಉಣ್ಣೆಯಲ್ಲಿ ಹೀಗೆ ಎರಡು ಮೂರು ಸೆಂ.ಮೀ. ಸುತ್ತಳತೆ ಮರಳಿ ಪಡೆಯಬಹುದು. ಹೊಲಿಗೆಗಳ ಗೆರೆಯೇ ಕಾಣದಂತೆ ಬಟ್ಟೆ ಕಂಬಳಿಯಾಗಿದ್ದರೆ ಉಣ್ಣೆ ಫೆಲ್ಟ್ ಆಗಿದೆ. ಬಿಸಿ, ನೀರು ಮತ್ತು ಉಜ್ಜಾಟ ಸೇರಿದಾಗ ಎಳೆಗಳ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಆಗುವ ಈ ಬದಲಾವಣೆ ಮರಳುವಂಥದ್ದಲ್ಲ. ಇಲ್ಲಿ ನಿಲ್ಲಿಸಬೇಕು.

ಅಕ್ರಿಲಿಕ್ ನೂಲನ್ನು ಬರಿಯ ನೀರಿನಲ್ಲಿ ನೆನೆಸಿ ಹಿಗ್ಗಿಸಿದರೆ ಅಳತೆ ನಿಲ್ಲುವುದಿಲ್ಲ. ಹಬೆಗೆ ಅದು ಹಿಗ್ಗುತ್ತದೆ, ಆದರೆ ಶಾಶ್ವತವಾಗಿ. ಮರಳಿ ಕುಗ್ಗುವ ಗುಣವೂ ಹೋಗಿ ಬಟ್ಟೆ ಜೋಲುತ್ತದೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ತಾಗಬಾರದು, ಹಬೆಯ ಕೆಳಗೆ ಬೆರಳು ಇರಬಾರದು, ಕೌಲ್ ಕೊರಳಲ್ಲಿರುವಾಗಂತೂ ಹಬೆ ಹಿಡಿಯಲೇಬಾರದು.

ಬಿಚ್ಚುವುದು ಅನಿವಾರ್ಯವಾದಾಗ

ಬಿಚ್ಚುವ ಸುತ್ತಿಗಿಂತ ಒಂದು ಸುತ್ತು ಕೆಳಗೆ, ನೂಲಿಗಿಂತ ತೆಳುವಾದ, ಬೇರೆ ಬಣ್ಣದ ನುಣುಪು ದಾರವನ್ನು ಎಲ್ಲ ಹೊಲಿಗೆಗಳ ಮೂಲಕ ಹಾಯಿಸಿಟ್ಟರೆ ಬಿಚ್ಚಾಟ ಅಲ್ಲಿಗೇ ನಿಲ್ಲುತ್ತದೆ. ಬಿಚ್ಚಿದ ಸುಕ್ಕುನೂಲಿನಿಂದಲೇ ಕೂಡಲೇ ಹೆಣೆದರೆ ಗೇಜ್ ಮತ್ತೆ ಮೋಸ ಮಾಡುತ್ತದೆ. ಲಡಿಯಾಗಿ ಸುತ್ತಿ, ನೆನೆಸಿ, ಒಣಗಿಸಿಕೊಳ್ಳಬೇಕು. ಮೊಹೇರ್‌ನಂಥ ರೋಮಭರಿತ ನೂಲನ್ನು ಎಳೆದು ಬಿಚ್ಚಲು ಹೋಗಿ ಸಿಕ್ಕಾದರೆ ಬಲ ಪ್ರಯೋಗಿಸದೆ, ಅನುಭವವಿದ್ದವರ ಕೈಗೆ ಕೊಡುವುದು ಮೇಲು. ಎರಡು ಸಲ ಲೆಕ್ಕ ಹಾಕಿ ಹೆಣೆದರೂ ಅಳತೆ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ, ನೀವು ಹೆಣೆಯುವಾಗ ನಿಮ್ಮ ಕೈಯನ್ನೇ ನೋಡಬಲ್ಲ ಇನ್ನೊಬ್ಬರು ಬೇಕು. ತಿರುಚಿದ ಹೊಲಿಗೆಯಂಥ ಅಭ್ಯಾಸಗಳು ಸ್ವಂತ ಕಣ್ಣಿಗೆ ಬೀಳುವುದು ಕಷ್ಟ.

ಕೂಸುಗಳಿಗೂ ಸಣ್ಣ ಮಕ್ಕಳಿಗೂ ಜೋತುಬೀಳುವ ಕೌಲ್ ಹಾಕಬಾರದು, ಮಲಗಿದಾಗ ಯಾವ ಅಳತೆಯದನ್ನೂ ಹಾಕಬಾರದು. ಕುತ್ತಿಗೆಯ ಕುಣಿಕೆ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ದೊಡ್ಡವರೂ ತಿರುಗುವ ಯಂತ್ರದ ಬಳಿ ಎರಡು ಸುತ್ತಿನ ಕೌಲ್ ತೆಗೆದಿಡಬೇಕು. ಕೊರಳಲ್ಲಿ ತುರಿಕೆಯ ಜೊತೆಗೆ ಕೆಂಪು ದದ್ದು ಎದ್ದರೆ ಆ ನೂಲನ್ನು ಬಿಡಬೇಕು, ದದ್ದು ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಹೆಣೆಯುವಾಗ ಹೆಬ್ಬೆರಳು, ತೋರುಬೆರಳುಗಳಲ್ಲಿ ಜೋಮು ಹಿಡಿದು, ರಾತ್ರಿಯೂ ಅದು ಎಚ್ಚರಗೊಳಿಸುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆಯಿದೆ. ಕಡ್ಡಿಯನ್ನು ಕೆಳಗಿಟ್ಟು ವೈದ್ಯರನ್ನು ಕಾಣಬೇಕು.